ಹದಿನಾರನೇ ತಾರೀಖಿಗೆ ಇಬ್ಬರು

ಮಾತ್ಸುಎ
ಅಕ್ಟೋಬರ್ ೨೭, ಸೋಮವಾರ

ಪ್ರೀತಿಯ ಮಿತ್ಸುಯೊ,

‘ಪ್ರೀತಿಯ’ ಎಂದು ಬರೆದದ್ದನ್ನು ನೋಡಿ ನಗಬೇಡ, ನಿನ್ನ ಅಕ್ಕನಿಗೆ ಓದಿ ತೋರಿಸಲೂಬೇಡ. ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಮೊದಲ ಸಲ ಕಾಗದ ಬರೆಯುತ್ತಿದ್ದೇನೆ, ಬೇರೆ ಹೇಗೆ ಶುರು ಮಾಡಬೇಕೋ ಗೊತ್ತಾಗಲಿಲ್ಲ. ನಿನ್ನ ಎಡಭುಜದ ನೋವು ಹೇಗಿದೆ? ಹಮಾದಾದಲ್ಲಿ ಕಡಲ ಗಾಳಿ ಈಗಲೇ ಚುಚ್ಚುತ್ತಿರಬೇಕು, ಸಂಜೆ ಹೊರಗೆ ಹೋದರೆ ಶಾಲು ಹೊದ್ದುಕೋ. ನೊಬುಎ ಅಕ್ಕನ ರಕ್ತದೊತ್ತಡ ಇಳಿಯಿತೇ? ಉಪ್ಪಿನಕಾಯಿ ಬಿಟ್ಟರೆ ಇಳಿಯುತ್ತದೆ, ಆದರೆ ಅವರು ಬಿಡುವವರಲ್ಲ. ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರವಿಲ್ಲ, ಕೆಮ್ಮಿಲ್ಲ. ಮಿಸೊ ಸಾರು ಮಾಡಲು ಕಲಿತೆ. ನೀನು ಹೋಗಿ ಏಳು ತಿಂಗಳಾದರೂ ನಾನು ಮಾಡಿದ್ದು ಇಬ್ಬರಿಗಾಗುವಷ್ಟು ಇರುತ್ತದೆ, ಒಬ್ಬನಿಗೆ ಎಷ್ಟು ಎಂಬ ಅಳತೆ ಕೈಗೆ ಹತ್ತಿಲ್ಲ. ಉಳಿದದ್ದನ್ನೇ ಮಧ್ಯಾಹ್ನ ಬಿಸಿ ಮಾಡಿ ಕುಡಿಯುತ್ತೇನೆ. ಬೇಸರವಾಗುತ್ತದೆ, ಮಿತ್ಸುಯೊ. ಟಿವಿ ಹಾಕಿದರೆ ಇನ್ನೂ ಬೇಸರ, ಯಾಕೆಂದರೆ ‘ಸ್ವಲ್ಪ ಸಣ್ಣಗೆ ಮಾಡ್ರೀ’ ಎನ್ನುವವರು ಯಾರೂ ಇಲ್ಲ.

ಈಗ ಸುದ್ದಿ. ಕೋಟೆಯ ಹಿಂದೆ ನಗರ ಉದ್ಯಾನದಲ್ಲಿ ಹಳೇ ಪದ್ಧತಿಯಂತೆ ಚಹಾ ಕೊಡುವ ಚಹಾಮನೆ ಇದೆಯಲ್ಲ, ಎಲೆ ಕೆಂಪಾಗುವ ಕಾಲ ಬಂದಾಗಲೆಲ್ಲ ನೀನು ‘ಈ ವರ್ಷವಾದ್ರೂ ಹೋಗೋಣ್ವಾ?’ ಎಂದು ಕೇಳುತ್ತಿದ್ದೆ. ನಾನು ‘ಮುಂದಿನ ವರ್ಷ ನೋಡೋಣ’ ಎಂದು ಡ್ರೈವರ್ ಟೋಪಿ ಇಟ್ಟುಕೊಂಡು ಡ್ಯೂಟಿಗೆ ಹೊರಡುತ್ತಿದ್ದೆ. ಅಲ್ಲಿಗೆ ನವೆಂಬರ್ ಹದಿನಾರು, ಭಾನುವಾರ, ಹನ್ನೊಂದು ಗಂಟೆಯ ಸರದಿಗೆ ಜಾಗ ಸಿಕ್ಕಿದೆ. ಜೋಡಿ ಕಾರ್ಡಿನಲ್ಲಿ ಬರೆದು ಹಾಕಬೇಕು, ಒಂದರಲ್ಲಿ ನಾವು ಕೇಳುವುದು, ಇನ್ನೊಂದರಲ್ಲಿ ಅವರು ಉತ್ತರ ಕಳಿಸುವುದು. ‘ಎಷ್ಟು ಜನ’ ಎಂಬ ಖಾನೆಯ ಮುಂದೆ ಪೆನ್ನು ಹಿಡಿದು ಒಂದು ಬೆಳಗೆಲ್ಲ ಕೂತಿದ್ದೆ. ಕೊನೆಗೆ ಇಬ್ಬರು ಎಂದು ಬರೆದೆ. ನಿನ್ನನ್ನು ಕೇಳದೆ ಬರೆದದ್ದು ತಪ್ಪೇ. ಆದರೆ ಉತ್ತರದ ಕಾರ್ಡು ಬಂದಾಗ ಅದರಲ್ಲಿ ‘ಇಬ್ಬರು’ ಎಂದು ಅಚ್ಚಾಗಿತ್ತು, ಅದನ್ನು ನೋಡಿ ನನಗೆ ಎಷ್ಟು ಖುಷಿಯಾಯಿತೆಂದರೆ ಈಗ ಅದು ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿದೆ.

ಉಳಿದ ಏರ್ಪಾಡೆಲ್ಲ ಮುಗಿದಿದೆ. ನಿನ್ನ ರೈಲು ಒಂಬತ್ತೂ ನಲವತ್ತಕ್ಕೆ ಬರುತ್ತದೆ, ಸ್ಟೇಷನ್ನಿನ ಎದುರು ಹತ್ತೂ ಏಳಕ್ಕೆ ಬಸ್ಸು. ಡ್ರೈವರ್ ನನ್ನ ಕೈಕೆಳಗೆ ಕಲಿತವನು, ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕುವುದಿಲ್ಲ. ಬಿಳಿ ಕಾಲುಚೀಲ ಎರಡು ಜೊತೆ ತಂದಿಟ್ಟಿದ್ದೇನೆ. ಮೊದಲು ಸಿಹಿ, ಆಮೇಲೆ ಚಹಾ, ಬಟ್ಟಲನ್ನು ಎರಡು ಸಲ ತಿರುಗಿಸಬೇಕು ಎಂಬುದನ್ನೂ ಅನ್ನದ ಬಟ್ಟಲಿನಲ್ಲಿ ಅಭ್ಯಾಸ ಮಾಡಿದ್ದೇನೆ. ಚಹಾಮನೆಯ ಬಾಗಿಲು ತೊಡೆಯೆತ್ತರ ಮಾತ್ರವಂತೆ, ಎಂಥ ಸಾಹುಕಾರನೂ ತಲೆ ತಗ್ಗಿಸಿ ಮೊಣಕಾಲಲ್ಲೇ ತೆವಳಿ ಹೋಗಬೇಕಂತೆ. ನೋಡೋಣವೆಂದು ಮನೆಯ ಗಿಡ್ಡ ಮೇಜಿನ ಕೆಳಗೆ ತೂರಿದೆ. ಸೊಂಟ ಹಿಡಿದುಕೊಂಡಿತು. ಕಾಲು ಗಂಟೆ ಅಲ್ಲೇ ಬಿದ್ದಿದ್ದೆ, ನಗುವುದಕ್ಕೂ ಯಾರೂ ಇರಲಿಲ್ಲ.

ನಿನಗೆ ಗೊತ್ತು, ಖಾಲಿ ಬಸ್ಸು ಓಡಿಸಿ ನೋಡದೆ ಹೊಸ ಮಾರ್ಗದಲ್ಲಿ ಜನರನ್ನು ಹತ್ತಿಸಿದವನಲ್ಲ ನಾನು. ಹಾಗಾಗಿ ಕಳೆದ ಗುರುವಾರ ಒಬ್ಬನೇ ಹೋಗಿ ದಾರಿ ನೋಡಿಕೊಂಡು ಬಂದೆ. ತೆರೆಯುವ ಸಮಯಕ್ಕೆ ಮೊದಲೇ ತಲುಪಿದ್ದೆ. ತೋಟದ ಬಿದಿರು ಗೇಟು ತೆರೆದಿತ್ತು, ಮೆಟ್ಟುಗಲ್ಲುಗಳ ಮೇಲೆ ಕಾಲಿಟ್ಟು ಸೀದಾ ನಡೆದೆ. ಸೊನೊಯಾಮಾ ಎಂಬ ಹೆಂಗಸು, ತೋಟ ನೋಡಿಕೊಳ್ಳುವವರು, ಎಪ್ಪತ್ತು ದಾಟಿರಬೇಕು, ನೀರು ಚಿಮುಕಿಸುವ ಸೌಟು ಹಿಡಿದು ಓಡಿ ಬಂದರು. ‘ಏನ್ರೀ, ಕಣ್ಣು ಕಾಣಿಸಲ್ವಾ? ಕಲ್ಲಿಗಿನ್ನೂ ನೀರು ಹಾಕಿಲ್ಲ!’ ಎಂದರು. ನೀರಿಗೂ ನನಗೂ ಏನು ಸಂಬಂಧ ಎಂದೆ. ‘ಕಲ್ಲು ಒಣಗಿದ್ರೆ ಮನೆಯವ್ರು ಇನ್ನೂ ಸಿದ್ಧವಾಗಿಲ್ಲ ಅಂತ. ಒದ್ದೆಯಾಗಿದ್ರೆ ಬನ್ನಿ, ನಿಮಗೇ ಕಾಯ್ತಿದ್ದೀವಿ ಅಂತ. ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ? ನಿಮ್ಮ ಮನೇಲಿ ಯಾರೂ ಚಹಾ ಪದ್ಧತಿ ಕಲಿತಿಲ್ವಾ?’ ಎಂದು ಕೇಳಿದರು.

ಕಲಿತವಳು ಇದ್ದಳು. ಮನೆಗೆ ಗೆಳತಿಯರು ಬರುವ ದಿನ ನೀನು ಬಕೆಟ್ಟು ಹಿಡಿದು ನಮ್ಮ ಗೇಟಿನ ಕಲ್ಲುಗಳಿಗೆ ನೀರು ಚಿಮುಕಿಸುತ್ತಿದ್ದಾಗ ಧೂಳು ಏಳದಿರಲಿ ಎಂದು ಹಾಕುತ್ತೀಯೆಂದೇ ತಿಳಿದಿದ್ದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಆಯಿತು ನಿನ್ನ ಕಥೆ. ಸೊನೊಯಾಮಾ ಅವರ ಎದುರು ನಿಂತಿದ್ದಾಗಲೇ ನನಗೆ ಜೂನ್ ಹದಿನಾಲ್ಕು ನೆನಪಾಯಿತು. ‘ಹತ್ತು ಗಂಟೆಗೆ ಬರ್ತೀನಿ’ ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಾನು ಮನೆ ಗುಡಿಸಿ, ನಿನಗಿಷ್ಟದ ಗೆಣಸಿನ ಸಿಹಿ ತಂದಿಟ್ಟು, ಒಂಬತ್ತರಿಂದ ಮೇಜಿನ ಮುಂದೆ ಕೂತಿದ್ದೆ. ಗೇಟಿಗೆ ಹೋಗಲಿಲ್ಲ. ಅವಳ ಮನೆ, ಅವಳೇ ಬರಲಿ ಎಂಬ ಹಟ. ಹತ್ತೂ ಕಾಲಿಗೆ ಪಕ್ಕದ ಮನೆಯ ಒಬಾತಾ ಅಜ್ಜಿ ಬಂದು, ‘ನಿನ್ ಹೆಂಡ್ತಿ ಗೇಟಲ್ಲಿ ನಿಂತು ಕಲ್ಲನ್ನೇ ನೋಡ್ತಿದ್ಲಪ್ಪ, ಆಮೇಲೆ ಚೀಲ ಎತ್ಕೊಂಡು ಹೊರಟೇ ಹೋದ್ಲು’ ಎಂದಳು. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಅದು, ಕಲ್ಲು ಒಣಗಿ ಬೆಳ್ಳಗಾಗಿತ್ತು. ನಿನಗೆ ಸೊಕ್ಕು ಎಂದುಕೊಂಡೆ ನಾನು. ಇಷ್ಟು ದಿನವೂ ಹಾಗೇ ಅಂದುಕೊಂಡಿದ್ದೆ. ಆ ದಿನ ನಾನು ಕಾಯುತ್ತಿದ್ದೆ, ಮಿತ್ಸುಯೊ. ನಿಜವಾಗಿಯೂ ಕಾಯುತ್ತಿದ್ದೆ.

ಮಾರ್ಚಿನಲ್ಲಿ ಮನೆಗೆ ಬಂದಿದ್ದ ನಿನ್ನ ಚಹಾ ಗುರುಗಳ ಎದುರೇ ನಾನು ಟಿವಿ ಮುಂದಿನಿಂದ, ‘ಹಸಿರು ನೀರು ಕುಡಿಯೋಕೆ ಇಷ್ಟೊಂದು ನಾಟಕ ಬೇಕಾ?’ ಎಂದದ್ದು ನೆನಪಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ದಾರಿಯಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಬಲ್ಲೆ. ಹದಿನಾರಕ್ಕೆ ನೀನು ಬರದಿದ್ದರೆ ಅಲ್ಲಿನ ಕಾಯುವ ಬೆಂಚಿನಲ್ಲಿ ಕೂತು ನಿನ್ನ ಪಾಲಿನ ಸಿಹಿಯನ್ನು ಕಾಗದದಲ್ಲಿ ಸುತ್ತಿಕೊಂಡು ಬರುತ್ತೇನೆ. ಬಂದರೆ, ತೆವಳುವಾಗ ನನ್ನ ಸೊಂಟ ಹಿಡಿದರೆ ಹಿಂದಿನಿಂದ ನೂಕು.

ನೊಬುಎ ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಅವರು ಮುಖ ತಿರುಗಿಸಿದರೂ ಸರಿ. ನೀನು ಬೆಚ್ಚಗಿರು.

ನಿನ್ನ
ಶಿಗೆರು

ಮರೆತಿದ್ದೆ, ಅಂಚೆಯವನು ಬರುವ ಹೊತ್ತಾಯಿತು: ಹದಿನಾರರವರೆಗೂ ಕಾಯಬೇಕೆಂದಿಲ್ಲ, ಮನೆಗೆ ಬರಲು ತಾರೀಖು ಹೇಳಬೇಕೆಂದೂ ಇಲ್ಲ. ಶುಕ್ರವಾರದಿಂದ ನಮ್ಮ ಗೇಟಿನ ಕಲ್ಲುಗಳಿಗೆ ನೀರು ಹಾಕುತ್ತಿದ್ದೇನೆ, ಒಣಗಿದರೆ ಮತ್ತೆ ಹಾಕುತ್ತೇನೆ. ನಿನ್ನೆ ಮಳೆಯಲ್ಲೂ ಸೌಟು ಹಿಡಿದು ನಿಂತಿದ್ದೆ. ‘ಹುಚ್ಚು ಹಿಡೀತೇನೋ ನಿಂಗೆ?’ ಎಂದು ಒಬಾತಾ ಅಜ್ಜಿ ನಕ್ಕಳು. ಮಳೆ ಬಂದ ದಿನ ನೀನು ಬಂದರೆ ಸೂರಿನ ಕೆಳಗಿನ ಕಲ್ಲನ್ನು ನೋಡು. ಅಲ್ಲಿಗೆ ಮಳೆ ಬೀಳುವುದಿಲ್ಲ. ಅದು ಒದ್ದೆಯಾಗಿದ್ದರೆ ನಾನೇ ಹಾಕಿದ್ದು.