ತಾರಸಿಯ ಮೇಲೆ ಹಾಲು-ತುಪ್ಪ

೧೪ ಮೇ ೨೦೦೩, ಬುಧವಾರ. ನುಗ್ಗೇಹಳ್ಳಿ

ಮಣ್ಣು ಹೊದ್ದ ಮನೆಗಳ ಮಹಾಶಿಲ್ಪಿ, ತಾರಸಿಗಳ ಸಾರ್ವಭೌಮ, ಎಂಜಿನಿಯರ್ ಆತ್ರೇಯ, ಅಂದರೆ ನಾನೇ ಎಂಬ ಕತ್ತೆಯ ದಿವ್ಯ ಸನ್ನಿಧಾನಕ್ಕೆ ಸಾಷ್ಟಾಂಗ ನಮಸ್ಕಾರಗಳು.

ನಂಜಪ್ಪನವರ ಹೊಸ ಮನೆಯ ತಾರಸಿಗೆ ನಾಳೆ ಗುದ್ದಲಿ ಬೀಳುತ್ತೆ. ಒಳಗೆ ತಂಪಾಗಿರಲಿ ಅಂತ ಒಂದೂವರೆ ಅಡಿ ಮಣ್ಣು ಏರಿಸಿ, ಹುಲ್ಲು ನಾಟಿ, ಇಡೀ ಮನೇನೇ ದಿಬ್ಬದ ಥರ ಮಾಡಿದ್ದೆ. ಸುಮ್ಮನಿರಬಹುದಿತ್ತು. ಸೋಮವಾರ ಗಾರೆಯವರನ್ನು ನಗಿಸೋಕೆ ಆ ದಿಬ್ಬದ ಮೇಲೆ ಚೆಂಡು ಹೂವಿಟ್ಟು, ಊದುಬತ್ತಿ ಹಚ್ಚಿ, ಸಮಾಧಿಗೆ ಹಾಲು-ತುಪ್ಪ ಬಿಡೋ ಹಾಗೆ ಹಾಲು ಸುರಿದೆ. ಸತ್ತವರನ್ನು ಹೂಳದೆ ಸುಡೋ ಮನೆತನದಲ್ಲಿ ಹುಟ್ಟಿದವನಿಗೆ ಅದು ತಮಾಷೆ. ಹೂವು ತೆಗೆಯೋದು ಮರೆತೆ.

ನಂಜಪ್ಪನವರ ತಾಯಿ ಜಯಲಕ್ಷ್ಮಮ್ಮ ನಿನ್ನೆ ನೋಡಿಬಿಟ್ಟರು. ಅವರ ಯಜಮಾನರು ಹೋಗಿ ಇನ್ನೂ ವರ್ಷ ತುಂಬಿಲ್ಲ.

ಇವತ್ತು ಮಗನಿಗೆ ಅಂದರು: "ಯಾರೋ ಕೇಡು ಬಗ್ದು ಮಡಗವ್ರೆ ಕಣ್ಲಾ. ನಿಮ್ಮಪ್ಪನ ಗುಡ್ಡೆ ಕೆಳಗೆ ಮನಿಕ್ಕಂಡಂಗಾಯ್ತದೆ. ಮಣ್ಣು ತೆಗ್ಸು, ಇಲ್ದಿದ್ರೆ ನಾನು ಒಳಕ್ಕೆ ಕಾಲಿಡಾಕಿಲ್ಲ."

"ಯಾವ ಬಡ್ಡೀಮಗ ಇಟ್ಟಿರಬೌದು ಸಾ?" ಅಂತ ನಂಜಪ್ಪ ನನ್ನನ್ನೇ ಕೇಳಿದರು.

"ಛೆ ಛೆ, ಎಂಥಾ ಜನ!" ಅಂದೆ.

ಆಯಮ್ಮ ನನಗೆ ಮಜ್ಜಿಗೆ ತಂದುಕೊಟ್ಟರು. "ಕುಡಿಯಪ್ಪ. ಪಾಪ, ನಿನ್ನ ಕೆಲ್ಸ ಹಾಳಾಯ್ತು." ಅವರು ನೋಡ್ತಾ ನಿಂತಿದ್ದರು, ಪೂರ್ತಿ ಕುಡಿದೆ.

ಇಟ್ಟವನು ಹಗೆಯಲ್ಲ, ಈ ಮಂಗ ಅಂತ ಗೊತ್ತಾದರೆ ಮಣ್ಣು ಉಳಿದೀತು. ಬೆಳಗ್ಗೆ ಎದ್ದ ಕೂಡಲೇ ಆಯಮ್ಮನ ಕಾಲಿಗೆ ಬಿದ್ದು ಹೇಳಿಬಿಡ್ತೀನಿ.

ಈ ಡೈರಿಯ ನಿನ್ನೆಯ ಪುಟದ ಕೊನೆಯಲ್ಲೂ ಇದನ್ನೇ ಬರೆದಿದ್ದೀನಿ.