ಕೆಂಪಿಯ ಮೇಲಿನ ಹೆಸರು

ಶ್ರೀರಂಗಪಟ್ಟಣ
ಗುರುವಾರ

ಅವ್ವಾ,

ಫೋನಿನಲ್ಲಿ ಈ ಮಾತೆತ್ತಿದರೆ ನೀನು ಕರುವಿನ ಸುದ್ದಿ ತೆಗೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಆಫೀಸಿನಲ್ಲಿ ಹಾಲಿನ ಡೇರಿಗಳ ವರದಿ ಮಾಡುತ್ತಿದ್ದೇವೆ. ಊರು, ಸದಸ್ಯರು, ಹಸುಗಳ ಪಟ್ಟಿಗಳು ಕಂಪ್ಯೂಟರಿನಲ್ಲಿ ಬೇರೆಬೇರೆ ಇದ್ದವು. ನಾನು ಒಂದಕ್ಕೊಂದು ಕೊಂಡಿ ಹಾಕಿದೆ. ಈಗ ಪಾಂಡವಪುರದ ಪಕ್ಕದ ಪ್ಲಸ್ ಗುರುತು ಒತ್ತಿದರೆ ಊರುಗಳು ಬಿಚ್ಚಿಕೊಳ್ಳುತ್ತವೆ, ಊರನ್ನು ಒತ್ತಿದರೆ ಸದಸ್ಯರು, ಅವರ ಕೆಳಗೆ ಅವರವರ ಹಸು. ಆಸೆಯಿಂದ ನಮ್ಮೂರನ್ನು ಒತ್ತಿದೆ. ನಮ್ಮ ಕೆಂಪಿಯ ಮೇಲೆ ಯಾರ ಹೆಸರೂ ಇಲ್ಲ, ಖಾಲಿ. ಅಪ್ಪ ತೀರಿಕೊಂಡ ಮೇಲೆ ಸದಸ್ಯರ ಪಟ್ಟಿಯಿಂದ ಹೆಸರು ತೆಗೆದಿದ್ದಾರೆ. ಹಾಲಿನ ಲೆಕ್ಕ ಮಾತ್ರ ಅಪ್ಪನ ನಂಬರಿಗೇ ಬೀಳುತ್ತಿದೆ. "ಖಾಲಿ ಸಾಲು ಅಳಿಸಿಬಿಡಿ" ಎಂದರು ಮೇಡಂ. ಸೋಮವಾರದವರೆಗೆ ತಡೆಯಿರಿ ಎಂದು ಕೇಳಿಕೊಂಡಿದ್ದೇನೆ.

ಡೇರಿಯಲ್ಲಿ ಸೆಕ್ರೆಟ್ರಿ ಸಿದ್ದೇಶಣ್ಣ ಈಗಲೂ ಅಪ್ಪನ ಹೆಸರು ಹಿಡಿದು "ಮುದ್ದಯ್ಯ" ಎಂದೇ ಕೂಗುತ್ತಾರೆ, ನೀನು "ಬಂದೆ ಕಣಪ್ಪ" ಎಂದು ಹಾಲು ಅಳೆಯಲು ಕೊಡುತ್ತೀಯ. ಆ ಕೂಗು ನಿಂತುಹೋಗುತ್ತದೆಂದೇ ನೀನು ಹೆಸರು ಬದಲಾಯಿಸಿಲ್ಲ, ಅಲ್ಲವೇ?

ಆಧಾರ್ ಕಾರ್ಡು, ಒಂದು ಫೋಟೊ ಕೊಟ್ಟು ನೀನೇ ಸದಸ್ಯೆಯಾಗು. ಸಿದ್ದೇಶಣ್ಣನ ಹತ್ತಿರ ಮಾತಾಡಿದ್ದೇನೆ. "ಅದ್ಕೇನ್ ಬುಡವ್ವ, ಮುದ್ದಯ್ಯನ ಚಿಕ್ಕತಾಯಮ್ಮ ಅಂತ್ಲೇ ಕೂಗ್ತೀನಿ" ಅಂದರು, ನಿನ್ನ ಹೆಸರಿಗೆ ಅಪ್ಪನ ಹೆಸರೂ ಸೇರಿಸಿ.

ಫೋಟೊಗೆ ಹಸಿರು ಸೀರೆ ಉಡು. ಹಾಗೇ ಡಾಕ್ಟರು ಬಂದಾಗ ಕರುವಿನ ಕಿವಿಗೂ ನಂಬರು ಹಾಕಿಸು. ನಿನ್ನ ಕೆಳಗೆ ಕೆಂಪಿ, ಕೆಂಪಿಯ ಕೆಳಗೆ ಅದಕ್ಕೂ ಜಾಗ ಮಾಡಿಟ್ಟಿದ್ದೇನೆ.

ನಿನ್ನ ಮಗಳು,
ಅಂಜು