ನಡುವಿನ ಪಟ್ಟಿ

ಬೊನ್ವಿರೆ,
ಭಾನುವಾರ, ೧೮ ಆಗಸ್ಟ್ ೨೦೧೯

ಪ್ರೀತಿಯ ಸೆರ್ವಾ,

ಕೇಪ್‌ಕೋಸ್ಟಿನ ಸಮುದ್ರದ ಗಾಳಿ ನಿನ್ನ ಮಂಡಿನೋವಿಗೆ ಒಗ್ಗಿದೆಯೆ? ಬಾಣಂತಿ ಅಬ್ರಫಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೆ? ಮೊಮ್ಮಗಳು ನಿದ್ದೆಗೊಡುತ್ತಾಳೆಯೆ? ಮೂರಕ್ಕೂ ಬೇರೆ ಬೇರೆಯಾಗಿ ಉತ್ತರ ಬರೆ; ‘ಎಲ್ಲ ಕ್ಷೇಮ’ ಎಂಬ ಒಂದೇ ಮಾತಿಗೆ ನಾನು ಅಂಕ ಕೊಡುವವನಲ್ಲ. ನಾನು ಆರೋಗ್ಯವಾಗಿದ್ದೇನೆ. ನಿನ್ನ ತಮ್ಮ ಅನಾನೆ ಕುಟ್ಟುವ ಫುಫು ಮುದ್ದೆಯಲ್ಲಿ ಗಂಟುಗಳಿವೆ. ಆದರೂ ಪ್ರೀತಿಯಿಂದ ಬಡಿಸುತ್ತಾನಾದ್ದರಿಂದ ನುಂಗುತ್ತೇನೆ.

ಈ ವಾರ ನಮ್ಮಲ್ಲಿ ಅತಿಥಿಯೊಬ್ಬರು ತಂಗಿದ್ದರು. ಜಮೈಕಾದವರು, ಹೆಸರು ವಿನೆಟ್, ಹೆಚ್ಚು ಕಡಿಮೆ ನಿನ್ನದೇ ವಯಸ್ಸು. ತಮ್ಮ ಹಿರಿಯರನ್ನು ಗುಲಾಮರಾಗಿ ಹಡಗಿಗೆ ತುಂಬಿದ್ದು ನಮ್ಮ ಕರಾವಳಿಯಲ್ಲಿ ಎಂಬುದಷ್ಟೇ ಅವರಿಗೆ ತಿಳಿದಿದೆ. ಯಾವ ಊರಿನವರು, ಯಾವ ಮನೆಯವರು ಎಂಬುದು ತಿಳಿಯದು. ಅಂಥವರನ್ನು ಕೂಡಿಹಾಕುತ್ತಿದ್ದ, ನೀನೀಗ ಇರುವ ಊರಿನ ಬಿಳಿ ಕೋಟೆಯನ್ನು ನೋಡಿ ನೇರವಾಗಿ ಇಲ್ಲಿಗೆ ಬಂದರು. ಕುಡಿಯಲು ನೀರು ಕೊಟ್ಟು, ಬಂದ ಸಮಾಚಾರ ಕೇಳಿದೆ. ಕೈಮಗ್ಗದಲ್ಲಿ ನೆಯ್ದ ಕೆಂಟೆ ಬಟ್ಟೆಯ ಒಂದು ಪಟ್ಟಿ ಬೇಕು, ಒಂದೇ ಸಾಕು ಎಂದರು. ಅನಾನೆಯ ಮಗ್ಗದ ಬಳಿಗೆ ಕರೆದೊಯ್ದು, ನಡುವೆ ನಿಂತು ಅನುವಾದಿಸಿದೆ. ಅವನ ಸ್ವಭಾವ ನಿನಗೆ ಗೊತ್ತಲ್ಲ. “ಪಟ್ಟಿಗೆ ಪಟ್ಟಿ ಸೇರಿಸಿ ಹೊಲಿದ್ರೆ ಬಟ್ಟೆ. ಬರೀ ತೋಳು ಹೊಲಿದು ಅಂಗಿ ಅಂತ ಕೊಡೋ ದರ್ಜಿ ನಾನಲ್ಲ ಭಾವ, ಹಾಗೇ ಹೇಳಿ” ಎಂದ. ಹಾಗೆಯೇ ಹೇಳಿದೆ, ಮಾತನ್ನು ಮೆದುಮಾಡುವ ಅಧಿಕಾರ ಅನುವಾದಕನಿಗಿಲ್ಲ. ವಿನೆಟ್ ನಕ್ಕು, “ನಮ್ಮೂರಲ್ಲಿ ಆ ತೋಳೇ ಅಂಗಿ ಅಣ್ಣ” ಎಂದರು.

ಅವರ ಚರ್ಚಿನಲ್ಲಿ ದೊಡ್ಡ ದಿನಗಳಂದು ಎಲ್ಲರೂ ಕೊರಳಿಗೆ ಅಂಥ ಪಟ್ಟಿ ಹಾಕಿಕೊಳ್ಳುತ್ತಾರಂತೆ. ಅವರ ತಾಯಿಯನ್ನು ಮಣ್ಣು ಮಾಡುವಾಗಲೂ ಆಕೆಯ ಕೊರಳಲ್ಲಿ ಪಟ್ಟಿ ಇತ್ತು, ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ನಮ್ಮ ಬೀದಿಯ ಅಂಗಡಿಗಳಲ್ಲಿ ಪಟ್ಟಿಗಳು ತೂಗಾಡುತ್ತವೆಯಲ್ಲ ಎಂದು ನಾನು ಕೇಳಿದ್ದಕ್ಕೆ, “ಅವು ನನ್ನಂಥವರಿಗೆ ಅಂತಲೇ ನೆಯ್ದದ್ದು. ನೀವು ನಿಮ್ಮವರಿಗೆ ನೆಯ್ದದ್ದು ಕೊಡಿ” ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅನಾನೆ ಲಾಳಿ ಎತ್ತಿಕೊಂಡ. ಗುರುವಾರ ಸಂಜೆ ತಾನಾಗಿಯೇ ನನ್ನಲ್ಲಿಗೆ ಬಂದ. “ಹೆತ್ತ ತಾಯಿ ಕೊರಳಿಗೆ ಅಚ್ಚಿನ ಬಟ್ಟೇನಾ ಭಾವ? ಮಗ್ಗದ ಮೇಲಿರೋದು ಬೇರೆಯವರ ಮನೆ ಸಾವಿಗೆ ಒಪ್ಪಿಕೊಂಡದ್ದು, ಅದರಲ್ಲಿ ಕೊಡೋ ಹಾಗಿಲ್ಲ. ನಾಳೆ ಶುಕ್ರವಾರ, ನೇಕಾರರ ಕಟ್ಟಳೆ ಪ್ರಕಾರ ಹೊಸದು ಶುರುಮಾಡೋ ಹಾಗಿಲ್ಲ. ಶನಿವಾರ ಅವರು ಹೊರಟೇಬಿಡ್ತಾರೆ” ಎಂದು ತಲೆಯ ಮೇಲೆ ಕೈಹೊತ್ತು ಕುಳಿತ.

ಆದರೂ ಶನಿವಾರ ಬೆಳಿಗ್ಗೆ ಮಡಿಸಿದ ಪಟ್ಟಿಯೊಂದನ್ನು ತಂದು ವಿನೆಟ್ ಅವರ ಕೊರಳಿಗೆ ತಾನೇ ಹಾಕಿದ. ಅವರು ಅದರ ಅಂಚನ್ನು ಮುಟ್ಟಿ ನೋಡಿದರು. ಬಸ್ಸಿನ ಬಳಿ ಜೋಳ ಸುಡುವ ಹೆಂಗಸು, “ಏ ತಂಗಿ, ಮಿಕ್ಕ ಬಟ್ಟೆ ಎಲ್ಲಿ ಬಿಚ್ಚಿಟ್ಟು ಬಂದೆ?” ಎಂದು ಕೆಣಕಿದಳು. ಅನಾನೆ, “ಮನೇಲಿದೆ ಕಣೇ, ಬಂದು ಉಡ್ತಾಳೆ” ಎಂದ. ವಿನೆಟ್ ನಮ್ಮ ಪದ್ಧತಿಯಂತೆ, ದಾರಿ ಕೊಡಿ ಎಂದು ಹೊರಡಲು ಅಪ್ಪಣೆ ಕೇಳಿದರು. ನಾನು ಅರ್ಧ ದಾರಿ ಮಾತ್ರ ಕೊಟ್ಟೆ. ಉಳಿದರ್ಧ ಮರಳಿ ಬರುವುದಕ್ಕೆ.

ಅಬ್ರಫಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮೊಮ್ಮಗಳ ನೆತ್ತಿಯನ್ನು ನನ್ನ ಪರವಾಗಿ ಒಮ್ಮೆ ಮೂಸಿ ನೋಡು.

ನಿನ್ನ ದಾರಿ ಕಾಯುವ,
ಅಗ್ಯೆಮನ್

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದಾಗಿತ್ತು. ಆ ಪಟ್ಟಿ ನಿನ್ನ ಪೆಟ್ಟಿಗೆಯಲ್ಲಿದ್ದ ಹಸಿರು ಬಟ್ಟೆಯದು, ನಮ್ಮ ಮದುವೆಗೆ ನಿಮ್ಮಪ್ಪ ನೆಯ್ದದ್ದು. ಹೊಲಿಗೆ ಬಿಡಿಸಿದವನು ಅನಾನೆ, ಕತ್ತರಿ ಕೊಟ್ಟವನು ನಾನು. ಅಂಚಿನದನ್ನು ತೆಗೆ ಎಂದೆ. “ಅಂಚಿಂದು ಕೊಟ್ರೆ ಬಟ್ಟೆ ಸಣ್ಣದಾಗತ್ತೆ, ಅಷ್ಟೆ. ನಡುವಿಂದು ಕೊಟ್ರೆ ವಿನೆಟ್ ಮರಳಿ ಬರೋತನಕ ಕಾಯತ್ತೆ” ಎಂದು ನಡುವಿನದನ್ನೇ ತೆಗೆದ. ಮೊಮ್ಮಗಳನ್ನು ಊರಿಗೆ ಕರೆತರುವ ದಿನ ನೀನು ಅದನ್ನೇ ಉಡಬೇಕೆಂದಿದ್ದುದು ನನಗೆ ನೆನಪಿದೆ. ಈಗ ಅದು ಎರಡು ಹೋಳಾಗಿದೆ. ನಿನ್ನ ಕೋಪಕ್ಕೆ ಹೆದರಿ, ಬೇರೊಂದು ಪಟ್ಟಿ ನೆಯ್ದು ನಡುವೆ ತುಂಬಲೇ ಎಂದು ಅವನೀಗ ಕೇಳುತ್ತಿದ್ದಾನೆ. ಬೇಡವೆಂದು ನಿನ್ನ ಪರವಾಗಿ ನಾನೇ ಹೇಳಿಬಿಟ್ಟಿದ್ದೇನೆ. ತಪ್ಪಿದ್ದರೆ ತಿದ್ದು.